ಕೆಳಗಿನಿಂದ ಓದಬೇಕಾದ ಕಲ್ಲು

ನಮ್ಮ ನಾಡಿನ ಕಲೆ ಎಂದ ಕೂಡಲೇ ಹೊರನಾಡಿನಲ್ಲಿರುವವರ ಕಣ್ಣ ಮುಂದೆ ಬರುವುದು ಬೇಲೂರಿನ ಮದನಿಕೆಯರು, ಇಲ್ಲವೇ ಹಂಪಿಯ ಕಲ್ಲಿನ ರಥ. ಸಂಘದ ಕ್ಯಾಲೆಂಡರಿನಲ್ಲೂ ಅವೇ, ರಾಜ್ಯೋತ್ಸವದ ವೇದಿಕೆಯ ಹಿಂದಿನ ಪರದೆಯಲ್ಲೂ ಅವೇ. ಅವೆಲ್ಲ ಅರಸರು, ದಂಡನಾಯಕರು ಹೊನ್ನು ಸುರಿದು ಮಾಡಿಸಿದ್ದು. ಊರ ದನ ಬಿಡಿಸಿ ತರಲು ಹೋಗಿ ಸತ್ತವನಿಗೂ, ಒಡೆಯನ ಹಿಂದೆ ಹೋಗಿ ತಿರುಗಿ ಬಾರದ ಆಳಿಗೂ ಶಿಲ್ಪಿಯ ಉಳಿ ಒದಗಿದ ಇನ್ನೊಂದು ಕಲೆ ನಮ್ಮಲ್ಲಿದೆ. ಕೆರೆಯ ಏರಿ, ಊರಬಾಗಿಲು, ಹಾಳುಗುಡಿಯ ಹಿತ್ತಲು ಎಂದು ಎಲ್ಲೆಂದರಲ್ಲಿ ಅರ್ಧ ಹೂತುಕೊಂಡು ನಿಂತಿರುವ ವೀರಗಲ್ಲುಗಳ ಕಲೆ ಅದು. ಊರಿಗೆ ಹೋದಾಗ ನಾವೆಲ್ಲ ಕಾರಿನ ಕಿಟಕಿಯಿಂದ ನೋಡಿರುತ್ತೇವೆ; ಇಳಿದು ನೋಡಿದವರು ಕಡಿಮೆ.

ಕಲೆಯ ರೂಪ, ಉದ್ದೇಶ, ವಸ್ತು ಎಂದು ಕಾಲೇಜಿನಲ್ಲಿ ಬೇರೆ ಬೇರೆ ಮಾಡಿ ಪಾಠ ಹೇಳುತ್ತಾರೆ. ವೀರಗಲ್ಲಿನ ಮುಂದೆ ಆ ವಿಂಗಡಣೆ ನಡೆಯುವುದಿಲ್ಲ. ಅದು ಚಿತ್ರ, ಭೂಮಿಯ ದಾಖಲೆ, ಪೂಜೆಗೊಳ್ಳುವ ದೈವ ಎಲ್ಲವೂ ಒಟ್ಟಿಗೇ ಹೌದು. ಮಾಡಬೇಕಾದ ಕೆಲಸ ಏನಿತ್ತೋ ಅದಕ್ಕೆ ತಕ್ಕ ಆಕಾರವನ್ನು ಅದು ತಾಳಿತು.

ಸೊರಬ, ಶಿಕಾರಿಪುರ, ಹಾನಗಲ್ಲಿನ ಕಡೆಯ ಒಂದು ಕಲ್ಲನ್ನೇ ನೋಡಿ. ಸಾಮಾನ್ಯವಾಗಿ ಮೂರು ಅಂಕಣ, ನಡುನಡುವೆ ಅಕ್ಷರ ಕೊರೆದ ಪಟ್ಟಿಕೆ. ಓದುವುದನ್ನು ಕೆಳಗಿನಿಂದ ಶುರು ಮಾಡಬೇಕು. ತಳದ ಅಂಕಣದಲ್ಲಿ ಜಗಳ: ಒಂದು ಮೂಲೆಯಲ್ಲಿ ಕೊಂಬು ಕೊಂಬು ತಾಗಿಸಿಕೊಂಡು ಒತ್ತಾಗಿ ನಿಂತ ದನಗಳು, ನಡುವೆ ಬಿಲ್ಲೆಳೆದು ನಿಂತ ವೀರ, ಎದುರಿಗೆ ಅವನಿಗಿಂತ ಸಣ್ಣದಾಗಿ ಕಡೆದ ವೈರಿಗಳು, ಕಾಲಡಿಯಲ್ಲಿ ಬಿದ್ದ ಹೆಣ. ನಡುವಿನ ಅಂಕಣದಲ್ಲಿ ಅದೇ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುತ್ತಾರೆ. ಕೆಳಗೆ ಬಿಗಿದಿದ್ದ ಅವನ ಮೈ ಇಲ್ಲಿ ಹಗುರವಾಗಿದೆ. ಮೇಲಿನದು ಕೈಲಾಸ. ಲಿಂಗ, ನಂದಿ, ಪೂಜೆ ಮಾಡುವ ಅರ್ಚಕ, ಪಕ್ಕದಲ್ಲಿ ಕೈ ಮುಗಿದು ಕುಳಿತ ವೀರ. ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರ, ಅಂದರೆ ಅವು ಇರುವವರೆಗೂ ಇದು ಇರಲಿ ಎಂಬ ಮಾತು. ಓದು ಬಾರದ ಹುಡುಗನಿಗೂ ಕಥೆ ಪೂರ್ತಿ ತಿಳಿಯುತ್ತದೆ. ಮಲೆನಾಡಿನ ಅಂಚಿನ ಮೆತ್ತನೆಯ ಕಲ್ಲಿನಲ್ಲಿ ಕೈಬಳೆ, ಸೀರೆಯ ನೆರಿಗೆಯವರೆಗೆ ಕೆಲಸ ಸಿಕ್ಕಿದೆ. ಗಂಗರ ಸೀಮೆಯ ಒರಟು ಕಣಶಿಲೆಯಲ್ಲಿ ಅದು ಆಗದು. ಅಲ್ಲಿಯ ಹಳೆಯ ಕಲ್ಲುಗಳಲ್ಲಿ ಬಹುಮಟ್ಟಿಗೆ ಒಂದೇ ದೃಶ್ಯ, ತೆಳು ಉಬ್ಬು, ಸುತ್ತ ದಪ್ಪ ಅಕ್ಷರ. ನನಗೆ ಆ ಒರಟೇ ಹೆಚ್ಚು ಇಷ್ಟ.

ಇಂಥ ಕಲ್ಲನ್ನು ನಿಲ್ಲಿಸಿದ್ದು ಬರೀ ದುಃಖಕ್ಕಲ್ಲ. ಸತ್ತವನ ಮನೆಯವರಿಗೆ ಭೂಮಿ ಕೊಡುವ ಪದ್ಧತಿಯಿತ್ತು. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂದೆಲ್ಲ ಶಾಸನಗಳು ಅದನ್ನು ಕರೆಯುತ್ತವೆ. ಸುಮಾರು 450ರ ಹಲ್ಮಿಡಿ ಶಾಸನ ವೀರಗಲ್ಲಲ್ಲ, ಆದರೆ ಅದರಲ್ಲಿ ವಿಜ ಅರಸನಿಗೆ ಸಿಕ್ಕಿದ್ದೂ ಯುದ್ಧದ ಪರಾಕ್ರಮಕ್ಕೆ ಕೊಟ್ಟ ಬಾಳ್ಗಳ್ಚೇ. ಕಲ್ಲು ಆ ದಾನದ ಪತ್ರ. ಊರ ನಡುವೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತ ಪತ್ರವಾದ್ದರಿಂದ ನಾಳೆ ಯಾರೂ ಆ ಹೊಲದ ಮೇಲೆ ತಗಾದೆ ತೆಗೆಯುವಂತಿರಲಿಲ್ಲ.

ಈ ಎಲ್ಲವೂ ಒಂದೇ ಕಡೆ ಕೂಡಿಬಂದಿರುವುದು ಆತಕೂರಿನ ಕಲ್ಲಿನಲ್ಲಿ. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಕಾಲ 949–50. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧಕ್ಕೆ ನಿಂತಾಗ ಅವನ ಕಡೆಯಿದ್ದ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೇರ ಅದೇ ಯುದ್ಧದಲ್ಲಿ ಮೆರೆದ. ಮೆಚ್ಚಿದ ಒಡೆಯ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಕೆಲಲೆನಾಡಿನ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ದೇವಾಲಯದ ಮುಂದೆ ಕಾಳಿಗೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆ ಕೆರೆಯ ಕೆಳಗೆ ಗದ್ದೆ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದೂ ಬರೆಸಿದರು.

ದಕ್ಷಿಣ ಭಾರತದ ಚರಿತ್ರೆಯ ದಿಕ್ಕು ತಿರುಗಿಸಿದ ಯುದ್ಧದ ವಿವರ ಆ ಕಲ್ಲಿನಲ್ಲಿದೆ. ಬೂತುಗನಿಗೆ ಬನವಾಸಿ ಪನ್ನಿರ್ಚಾಸಿರದಂಥ ಸೀಮೆಗಳು ಬಂದುದೂ ಇದೆ, ಮಣಲೇರನಿಗೆ ಆತಕೂರು ಬಾಳ್ಗಳ್ಚಾಗಿ ಸಿಕ್ಕಿದ್ದೂ ಇದೆ. ಆದರೆ ಚಿತ್ರವಾಗಿ ಕಡೆದಿರುವುದು ರಾಜಾದಿತ್ಯನ ಆನೆಯನ್ನಲ್ಲ. ಹಂದಿಯ ಮೇಲೆ ಎಗರಿದ ನಾಯಿಯನ್ನು. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಿಸಬೇಕು ಎಂಬ ಆ ಆಯ್ಕೆಯಲ್ಲಿ ಕಲೆ ಇದೆ ಎಂದೇ ನನ್ನ ಎಣಿಕೆ. ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರ ಹೊತ್ತಿಗೆ. ಈ ಕಲ್ಲು ನಿಂತದ್ದು ಅದಾದ ಕೆಲವೇ ವರ್ಷಕ್ಕೆ. ಪಂಪನ ಕರ್ಣನಲ್ಲಿ ನಾವು ಮೆಚ್ಚುವ ಅನ್ನದ ಋಣದ ನಿಷ್ಠೆ ಪುಸ್ತಕದ ಮಾತಾಗಿರಲಿಲ್ಲ. ಜೋಳವಾಳಿ ಎಂಬ ಹೆಸರಿನಲ್ಲಿ ಅದು ಊರೂರಲ್ಲಿ ನಡೆಯುತ್ತಿತ್ತು.

ವೀರಗಲ್ಲುಗಳ ವಸ್ತು ಎಂದರೆ ಆ ಕಾಲದ ಊರಿನ ಭಯಗಳ ಪಟ್ಟಿ. ದನ ಹೊಡೆದುಕೊಂಡು ಹೋಗುವ ತುರುಗೋಳ್, ಊರು ಹಾಳುಮಾಡುವ ಊರಳಿವು, ಹೆಂಗಸರ ಮೇಲೆ ಕೈ ಮಾಡುವ ಪೆಣ್ಬುಯ್ಯಲ್, ಹುಲಿ, ಹಂದಿ. ತುರುಗೋಳಿನ ಕಲ್ಲುಗಳು ಅಷ್ಟೊಂದು ಇರುವುದು ಸಹಜವೇ. ದನವೇ ಆಸ್ತಿಯಾಗಿದ್ದ ಊರಿನಲ್ಲಿ ಹಟ್ಟಿ ಬರಿದಾದರೆ ಮುಂದಿನ ವರ್ಷದ ಉಳುಮೆ ನಿಂತಂತೆಯೇ.

ಎಲ್ಲವನ್ನೂ ಮೆಚ್ಚಿಕೊಂಡು ಬರೆಯುವುದು ನನ್ನಿಂದಾಗದು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿ ಒಂದು ಕಂಬವಿದೆ. ಇಮ್ಮಡಿ ಬಲ್ಲಾಳನ ಆಪ್ತನಾಗಿದ್ದ ಕುವರ ಲಕ್ಷ್ಮ, ಅರಸನ ಜೊತೆಗೇ ಸಾಯುವೆನೆಂದು ಗರುಡನಾಗಿ ಶಪಥ ಮಾಡಿದ್ದವನು. ಅವನು, ಹೆಂಡತಿ ಸುಗ್ಗಲದೇವಿ, ಜೊತೆಗಿದ್ದ ಸಾವಿರ ಜನ ಪ್ರಾಣ ಕೊಟ್ಟ ಕಥೆಯ ಕಂಬ ಅದು. ಕತ್ತಿಯಿಂದ ತಮ್ಮ ಕೊರಳನ್ನು ತಾವೇ ಕೊಯ್ದುಕೊಳ್ಳುವವರ ಆಕೃತಿಗಳು ಅಲ್ಲಿವೆ. ದೇವಾಲಯ ನೋಡಿ ಸುಸ್ತಾದ ಪ್ರವಾಸಿಗರು ಅದರ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸತ್ತ ಗಂಡನ ಹಿಂದೆ ಬೆಂಕಿಗೆ ಬಿದ್ದ ಹೆಂಗಸರ ಮಾಸ್ತಿಕಲ್ಲುಗಳೂ ಹಾಗೆಯೇ: ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಹಸ್ತ, ಮುಂಗೈ ತುಂಬ ಬಳೆ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ದೇಕಬ್ಬೆಯ ಶಾಸನವಿದೆ. ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂದು ಅವಳ ಗಂಡ ಏಚನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಬೇಡವೆಂದು ತಂದೆತಾಯಿ ಅಂಗಲಾಚಿದರೂ ದೇಕಬ್ಬೆ ಬೆಂಕಿಗೆ ನಡೆದಳು. ಶಾಸನದ ಕವಿ ಅವಳನ್ನು ಹಾಡಿ ಹೊಗಳುತ್ತಾನೆ. ಆದರೆ ತಂದೆತಾಯಿಯ ಗೋಳನ್ನೂ ಅವನು ಬಿಡದೆ ಬರೆದ. ಬಿಟ್ಟಿದ್ದರೆ ಇವತ್ತು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅರಸರ ಕೈಯಲ್ಲಿ ಕಾಯಂ ಸೈನ್ಯ, ಕೋವಿ, ಫಿರಂಗಿ ಬಂದ ಮೇಲೆ ಊರಿನ ವೀರನ ಕೆಲಸ ಕಡಿಮೆಯಾಯಿತು, ಕಲ್ಲುಗಳೂ ಕಡಿಮೆಯಾದವು. ಕೆಲವು ಕಲ್ಲಿಗೆ ಹೆಸರೇ ಮರೆತುಹೋಗಿ ಅರಿಸಿನ ಕುಂಕುಮ ಉಳಿಯಿತು. ಕೆಲವು ಬಟ್ಟೆ ಒಗೆಯುವ ಕಲ್ಲಾದವು, ಕೆಲವು ಮೋರಿಗೆ ಅಡ್ಡ ಬಿದ್ದವು. 1886ರಿಂದ ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಸಾವಿರಾರು ಶಾಸನಗಳು ಅಚ್ಚಾದವು. ಆಮೇಲೆ ಆರ್. ಶೇಷಶಾಸ್ತ್ರಿಗಳು ಕರ್ನಾಟಕದ ವೀರಗಲ್ಲುಗಳನ್ನೇ ಹಿಡಿದು ದೊಡ್ಡ ಅಧ್ಯಯನ ಮಾಡಿದರು, ಷ. ಶೆಟ್ಟರ್ ಜರ್ಮನಿಯ ವಿದ್ವಾಂಸ ಸೋಂಥೈಮರ್ ಜೊತೆಗೂಡಿ 1982ರಲ್ಲಿ ಸ್ಮಾರಕ ಶಿಲೆಗಳ ಮೇಲೆ ಸಂಪುಟ ತಂದರು. ರೈಸ್ ಕಾಣದ ಕಲ್ಲುಗಳು ಈಗಲೂ ಸಿಗುತ್ತಿವೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮಣ್ಣು ಅಗೆಯುವಾಗ ಕಿತ್ತಯ್ಯ ಎಂಬವನ ಕಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಕಾಲ, ಸುಮಾರು 750. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಡಲ್ಲಾಸ್‌ನಲ್ಲೋ ದುಬೈನಲ್ಲೋ ಕೂತು ಅಕ್ಷರ ಬಿಡಿಸಿ ಓದಲು ಅಷ್ಟು ಸಾಕು.

ಈ ಸಲ ರಜೆಗೆ ಹೋದವರು ಬೆಂಗಳೂರಿನಲ್ಲಿ ಒಂದು ಅರ್ಧ ದಿನ ಉಳಿದರೆ ಬೇಗೂರಿಗೆ ಹೋಗಿ. ಎಲೆಕ್ಟ್ರಾನಿಕ್ ಸಿಟಿಯ ದಾರಿಯಿಂದ ದೂರವಿಲ್ಲ. ಗಂಗರ ಕಾಲದ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು 890ರ ಒಂದು ಕಲ್ಲಿದೆ. ಊರಿನ ಒಡೆಯ ನಾಗತ್ತರನ ಕಡೆಯವರು ಬೆಂಗಳೂರು ಕಾಳಗದಲ್ಲಿ ಸತ್ತ ಸುದ್ದಿ ಅದರಲ್ಲಿದೆ. ಕೆಂಪೇಗೌಡ ಕೋಟೆ ಕಟ್ಟಿಸುವುದಕ್ಕೆ ಆರು ಶತಮಾನಕ್ಕೂ ಹಿಂದೆ, ಬೆಂದಕಾಳಿನ ಅಜ್ಜಿಯ ಕಥೆ ಹುಟ್ಟುವುದಕ್ಕೂ ಮುಂಚೆ, ಬೆಂಗಳೂರಿನ ಹೆಸರು ಅಲ್ಲಿದೆ. ನಾಗತ್ತರನೂ ಮುಂದೆ ಯುದ್ಧದಲ್ಲೇ ಬಿದ್ದ. ಆನೆ, ಕುದುರೆ, ಬಿಲ್ಲಾಳುಗಳು ಒತ್ತರಿಸಿಕೊಂಡ ಅವನ ಕಲ್ಲು ಕಸ್ತೂರಬಾ ರಸ್ತೆಯಲ್ಲಿ ಕಾಳಿಯ ಕಲ್ಲಿರುವ ಸಂಗ್ರಹಾಲಯದಲ್ಲೇ ಇದೆ. ಬೇಗೂರಿಗೆ ಮಟಮಟ ಮಧ್ಯಾಹ್ನ ಹೋಗಬೇಡಿ, ಒಂದಕ್ಷರವೂ ಕಾಣುವುದಿಲ್ಲ. ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬಿದ್ದಾಗ ನಿಲ್ಲಿ. ಅಕ್ಷರ ಎದ್ದು ಕಾಣಲೆಂದು ಸುಣ್ಣದ ಪುಡಿಯನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬೇಡಿ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಲುಗಳು ತಾವಾಗಿಯೇ ತೋರುತ್ತವೆ.