ದೇಹದ ನೀರಗಂಟಿ

ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ತಂಬಿಗೆ ತಂಬಿಗೆ ನೀರು ಕುಡಿದರೂ ಮೂತ್ರ ಸ್ವಲ್ಪ, ಬಣ್ಣವೂ ಗಾಢ. ಜೂನಿನಲ್ಲಿ ಮಳೆ ಹಿಡಿಯಿತೋ, ಕಡಮೆ ಕುಡಿದವನೂ ರಾತ್ರಿ ಎರಡು ಸಲ ಏಳಬೇಕು. ಈ ಲೆಕ್ಕವನ್ನು ಇಡುವವರು ಯಾರು?

ಆ ಅಂಗಕ್ಕೆ ನಾವು ‘ಮೂತ್ರಜನಕಾಂಗ’ವೆಂದು ಹೆಸರಿಟ್ಟೆವು. ಕನ್ನಡದ ಅಧ್ಯಾಪಕನಾದ ನನಗೆ ಆ ಹೆಸರು ಅನ್ಯಾಯವೆಂದೇ ತೋರುತ್ತದೆ. ದಿನಕ್ಕೆ ಸುಮಾರು 180 ಲೀಟರು ದ್ರವ ಅದರ ಜಾಲರಿಗಳಲ್ಲಿ ಸೋಸಿ ಇಳಿಯುತ್ತದೆ. ಹೊರಗೆ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ಘಟ್ಟದ ಮೇಲಿನ ಊರುಗಳಲ್ಲಿ ಕೆರೆಯ ತೂಬು ಕಾಯುತ್ತಿದ್ದ ನೀರಗಂಟಿಯ ಕೆಲಸವೇ ಇದು.

ಇದನ್ನು ಅರಿಯಲು ಮನುಷ್ಯನಿಗೆ ಮುನ್ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಇಟಲಿಯ ಮಾಲ್ಪೀಗಿ 1666ರಲ್ಲಿ ಸೂಕ್ಷ್ಮದರ್ಶಕದಡಿ ಕಂಡ ಸಣ್ಣ ಗುಂಡುಗಳನ್ನು ವರ್ಣಿಸಿದನು. ಅವು ನಾಳಗಳಿಗೆ ಸೇರಿದವೆಂದು 1842ರಲ್ಲಿ ಲಂಡನ್ನಿನ ಬೋಮನ್ ತೋರಿಸಿದನು. ರಕ್ತದ ಒತ್ತಡವೇ ದ್ರವವನ್ನು ಸೋಸುತ್ತದೆ, ನಾಳಗಳಿಂದ ನೀರು ಹಿಂದಿರುಗುತ್ತದೆ ಎಂದು ಆ ಕಾಲಕ್ಕೇ ಹೇಳಿದವನು ಜರ್ಮನಿಯ ಲುಡ್‌ವಿಗ್. ಮುಂದೆ ವೆನ್‌ಲಾಕ್ ಎಂದು ಹೆಸರಾದ ನಮ್ಮೂರ ಆಸ್ಪತ್ರೆ ಹುಟ್ಟಿದ್ದು 1848ರಲ್ಲಿ. ಆಗ ಈ ವಾದ ಇನ್ನೂ ಹೊಸದು.

ಸರಿ, ತೂಬಿಗೆ ಅಪ್ಪಣೆ ಎಲ್ಲಿಂದ? 1920ರ ದಶಕದಲ್ಲಿ ಸ್ಟಾರ್ಲಿಂಗ್ ಮತ್ತು ವರ್ನಿ ಎಂಬಿಬ್ಬರು ದೇಹದಿಂದ ಬೇರೆ ಮಾಡಿದ ಮೂತ್ರಪಿಂಡದಲ್ಲಿ ರಕ್ತ ಹರಿಸಿದರು. ಅದು ತಿಳಿನೀರಿನಂಥ ಮೂತ್ರವನ್ನು ಸುರಿಸುತ್ತಲೇ ಇತ್ತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರವನ್ನು ಬೆರೆಸಿದಾಗ ಸುರಿತ ತಗ್ಗಿತು. ರಕ್ತ ಸ್ವಲ್ಪ ಗಟ್ಟಿಯಾದರೆ ಬಾಯಾರಿಕೆಯೂ ಆ ಗ್ರಂಥಿಯ ಹಾರ್ಮೋನೂ ಒಟ್ಟಿಗೆ ಏಳುತ್ತವೆ. ನೀರು ದಾಟಲೆಂದೇ ಜೀವಕೋಶದ ಪೊರೆಯಲ್ಲಿ ಬಾಗಿಲುಗಳಿವೆಯೆಂದು ಅಮೆರಿಕದ ಪೀಟರ್ ಆಗ್ರೆ 1992ರಲ್ಲಿ ತೋರಿಸಿದರು. 2003ರಲ್ಲಿ ಅವರಿಗೆ ನೊಬೆಲ್ ಬಂತು. ಮೂತ್ರಪಿಂಡದಲ್ಲಿ ಇಂಥ ಬಾಗಿಲುಗಳನ್ನು ಹೆಚ್ಚಿಸುವುದೇ ಆ ಹಾರ್ಮೋನಿನ ಅಪ್ಪಣೆ.

ನೀರಗಂಟಿ ಕೈಬಿಟ್ಟರೆ? ನಮ್ಮ ದೊಡ್ಡಪ್ಪ ಕೊನೆಯ ಎರಡು ವರ್ಷ ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗುತ್ತಿದ್ದರು. ಹಾಲೆಂಡಿನ ಕೋಲ್ಫ್ 1943ರಲ್ಲಿ, ಯುದ್ಧದ ನಡುವೆ, ಕಟ್ಟಿದ ಯಂತ್ರದ ಸಂತತಿ ಅದು. ಗಂಜಿಯ ತೆಳಿಯನ್ನು ಚೆಂಬಿನಲ್ಲಿ ಕುಡಿಯುತ್ತಿದ್ದವರು, ಅಂಥ ಸೆಕೆಯಲ್ಲೂ ಸಣ್ಣ ಲೋಟದಿಂದ ಅಳೆದು ಗುಟುಕರಿಸುತ್ತಿದ್ದರು. “ಬೊಂಡ ಒಂದು ಸಿಕ್ಕಿದ್ದರೆ!” ಎನ್ನುವರು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚೆಂದು ಅದೂ ವರ್ಜ್ಯ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ವರ್ಷಕ್ಕೊಮ್ಮೆಯಾದರೂ ಮೂತ್ರ, ರಕ್ತ ಪರೀಕ್ಷಿಸಿಕೊಳ್ಳಲಿ. ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗದಿರಲಿ. ಈ ಕಾವಲುಗಾರ ದಣಿದರೂ ಬಹುಕಾಲ ಬಾಯಿಬಿಟ್ಟು ಹೇಳುವವನಲ್ಲ.