ಮುಂದೆ ಹೋದ ಡೇಟಾ, ಹಿಂದೆ ಉಳಿದ ಆ್ಯಪ್

ರೂಟರ್ ಪಕ್ಕದಲ್ಲಿ ಕೂತು ಹಗಲೂ ರಾತ್ರಿಯೂ ಗುಂಯ್‌ಗುಡುವ ನ್ಯಾಸ್ ಪೆಟ್ಟಿಗೆ ಹುಟ್ಟಿದ್ದು ಮನೆಯವರ ಕಡತಗಳನ್ನೆಲ್ಲ ಒಂದೆಡೆ ಇಡುವುದಕ್ಕೆ. ಈಗ ಅದೇ ಪೆಟ್ಟಿಗೆಯಲ್ಲಿ ಫೋಟೊ ಆಲ್ಬಮ್, ಸಿನಿಮಾ ಸರ್ವರ್, ಪಾಸ್‌ವರ್ಡ್ ಭಂಡಾರ, ಮನೆಯ ದೀಪ ಹಚ್ಚಿ ಆರಿಸುವ ಆ್ಯಪ್ ಎಲ್ಲವೂ ಓಡುತ್ತವೆ. ಕಡತ ಕಾಯುವ ಕೆಲಸದಲ್ಲಿ ಇವು ಕೈಕೊಡುವುದು ಅಪರೂಪ. ಆ್ಯಪ್ ಅಪ್‌ಗ್ರೇಡ್ ಮಾಡುವಾಗ ಕೈಕೊಡುವುದು ಮಾಮೂಲು. ಕಳೆದ ಎರಡು ದಶಕಗಳಲ್ಲಿ ಆ್ಯಪ್ ಕೂರಿಸುವ ವಿಧಾನವನ್ನು ತಯಾರಕರು ಮತ್ತೆ ಮತ್ತೆ ಬದಲಿಸಿದ್ದಾರೆ. ಪ್ರತಿ ಸಲವೂ ಹಳೆಯ ಕಾಟವೊಂದು ತೊಲಗಿ ಹೊಸದೊಂದು ಬಂದಿದೆ. ಒಂದು ಕಾಟ ಮಾತ್ರ ಎಲ್ಲ ಬದಲಾವಣೆಗಳನ್ನೂ ದಾಟಿ ಉಳಿದಿದೆ: ಪ್ರೋಗ್ರಾಂ ಒಂದು ಆವೃತ್ತಿಯಲ್ಲಿ, ಅದು ಬರೆದಿಟ್ಟ ಡೇಟಾ ಇನ್ನೊಂದು ಆವೃತ್ತಿಯಲ್ಲಿ ನಿಂತುಬಿಡುವುದು.

2004ರಲ್ಲಿ ಲಿಂಕ್ಸಿಸ್ ಕಂಪನಿ ಎನ್‌ಎಸ್‌ಎಲ್‌ಯು2 ಎಂಬ ಪುಟ್ಟ ಸಾಧನವನ್ನು ಮಾರುಕಟ್ಟೆಗೆ ತಂದಿತು. 32 ಎಂಬಿ ಮೆಮೊರಿ, 8 ಎಂಬಿ ಫ್ಲ್ಯಾಶ್. ಡಿಸ್ಕನ್ನು ಯುಎಸ್‌ಬಿ ತಂತಿಯಿಂದ ಸಿಕ್ಕಿಸಬೇಕು. ಒಳಗೆ ಓಡುವುದು ಲಿನಕ್ಸ್ ಎಂದು ತಿಳಿದ ಹವ್ಯಾಸಿಗಳು ಅನ್‌ಸ್ಲಂಗ್ ಎಂಬ ಬದಲಿ ಫರ್ಮ್‌ವೇರ್ ಮಾಡಿದರು, ಆಪ್ಟ್‌ವೇರ್ ಎಂಬ ಪ್ಯಾಕೇಜ್ ಭಂಡಾರ ಕಟ್ಟಿದರು. ಮನೆಯ ನ್ಯಾಸ್‌ನಲ್ಲಿ ಆ್ಯಪ್ ಓಡಿಸುವ ಚಟ ಸಾಮಾನ್ಯರಿಗೆ ಹತ್ತಿದ್ದು ಇಂಥ ಪೆಟ್ಟಿಗೆಗಳಿಂದ. ಅಲ್ಲಿ ಎಲ್ಲ ಪ್ಯಾಕೇಜುಗಳೂ ಒಂದೇ ಫೋಲ್ಡರಿನ ಲೈಬ್ರರಿಗಳನ್ನು ಹಂಚಿಕೊಳ್ಳುತ್ತಿದ್ದವು. ಟೊರೆಂಟ್ ಪ್ರೋಗ್ರಾಂಗೆಂದು ಒಂದು ಲೈಬ್ರರಿಯನ್ನು ಏರಿಸಿದರೆ ವೆಬ್ ಸರ್ವರ್ ಮುಗ್ಗರಿಸುತ್ತಿತ್ತು. ಯಾವ ಲೈಬ್ರರಿ ಕಾಣೆಯಾಗಿದೆ ಎಂದು ಕಮಾಂಡ್ ಸಾಲಿನಲ್ಲಿ ಹುಡುಕಿ, ಹಳೆಯದನ್ನು ಮತ್ತೆ ತಂದಿಟ್ಟರೆ ಸರಿಹೋಗುತ್ತಿತ್ತು. ಕಷ್ಟದ ಕೆಲಸವೇ, ಆದರೆ ಕಾರಣ ಕಣ್ಣಿಗೆ ಕಾಣುತ್ತಿತ್ತು ಎನ್ನುವುದನ್ನು ಒಪ್ಪಬೇಕು.

ಒಲಿವಿಯೆ ಕೊಶಾರ್-ಲಾಬೆ 2005ರಲ್ಲಿ ಫ್ರೀನ್ಯಾಸ್ ಆರಂಭಿಸಿದರು. ಅದರ ಅಡಿಪಾಯ ಫ್ರೀಬಿಎಸ್‌ಡಿ. ಮುಂದೆ ಅಮೆರಿಕದ ಐಎಕ್ಸ್‌ಸಿಸ್ಟಮ್ಸ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಫ್ರೀಬಿಎಸ್‌ಡಿಯಲ್ಲಿ 2000ದಿಂದಲೂ ಜೈಲ್ ಎಂಬ ಸೌಲಭ್ಯವಿತ್ತು: ಕರ್ನಲ್ ಒಂದೇ, ಅದರ ಮೇಲೆ ಪ್ರತ್ಯೇಕ ಗೋಡೆಗಳ ನಡುವೆ ಪ್ರತಿ ಪ್ರೋಗ್ರಾಂನ ಸಂಸಾರ. ಫ್ರೀನ್ಯಾಸ್‌ನ ಪ್ಲಗಿನ್‌ಗಳು ಈ ಜೈಲುಗಳೊಳಗೆ ಕೂತವು. ಲೈಬ್ರರಿಗಳ ಜಗಳ ಅಲ್ಲಿಗೆ ನಿಂತಿತು. ಆದರೆ ಜೈಲಿಗೂ ವಯಸ್ಸಾಗುತ್ತದೆ. ಜೈಲು ಕಟ್ಟಿದಾಗಿನ ಫ್ರೀಬಿಎಸ್‌ಡಿ ಆವೃತ್ತಿಗೆ ಬೆಂಬಲ ಮುಗಿದ ಮೇಲೆ ಪ್ಯಾಕೇಜ್ ಏರಿಸಹೋದರೆ, ಇದು ನಿನಗಿಂತ ಹೊಸ ಫ್ರೀಬಿಎಸ್‌ಡಿಗೆ ಮಾಡಿದ ಪ್ಯಾಕೇಜು ಎಂದು ಸಂದೇಶ ಬರುತ್ತಿತ್ತು. ಆ ತಪಾಸಣೆಯನ್ನು ಬಿಟ್ಟುಬಿಡುವ ಆಯ್ಕೆಯನ್ನೂ ಸಂದೇಶವೇ ತೋರಿಸಿಕೊಡುತ್ತಿತ್ತು. ಅನೇಕರು ಅದನ್ನೇ ಒತ್ತಿ ಮುಂದೆ ಹೋದರು. ಕೆಲವು ದಿನ ನಡೆದು, ಹಳೆಯ ಲೈಬ್ರರಿಯಲ್ಲಿ ಇಲ್ಲದ ಯಾವುದೋ ಫಂಕ್ಷನ್‌ಗೆ ಕೈಹಾಕಿದ ದಿನ ಆ್ಯಪ್ ಮಲಗುತ್ತಿತ್ತು. ಮಾಡಬೇಕಾದದ್ದು ಬೇರೆ: ಮೊದಲು ನ್ಯಾಸ್‌ನ ಮೂಲ ವ್ಯವಸ್ಥೆಯನ್ನು ಏರಿಸಿ, ಆಮೇಲೆ ಜೈಲನ್ನು, ಕೊನೆಗೆ ಪ್ಯಾಕೇಜನ್ನು. ಜೈಲಿನ ಆವೃತ್ತಿ ಹೊರಗಿನ ಕರ್ನಲ್‌ಗಿಂತ ಹೊಸದಾಗಿರಬಾರದು ಎಂಬ ಒಂದು ನಿಯಮ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

2013ರಲ್ಲಿ ಡಾಕರ್ ಬಂತು. ಆ್ಯಪ್‌ಗೆ ಬೇಕಾದದ್ದನ್ನೆಲ್ಲ ಒಂದೇ ಇಮೇಜಿನಲ್ಲಿ ಕಟ್ಟಿ, ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಈ ಪದ್ಧತಿಗೆ ನ್ಯಾಸ್ ಲೋಕ ಬೇಗ ಮನಸೋತಿತು. ಆತುರವೂ ಆಯಿತು. 2017ರ ಮಾರ್ಚಿನಲ್ಲಿ ಬಿಡುಗಡೆಯಾದ ಫ್ರೀನ್ಯಾಸ್ ಕೋರಲ್, ಫ್ರೀಬಿಎಸ್‌ಡಿ ಮೇಲೆ ವರ್ಚುವಲ್ ಮೆಷಿನ್ ಹೂಡಿ ಅದರೊಳಗೆ ಡಾಕರ್ ಓಡಿಸುವ ಸಾಹಸ. ಮರುತಿಂಗಳೇ ಕಂಪನಿ ಅದನ್ನು ಬರೀ ಪ್ರಾಯೋಗಿಕ ಎಂದು ಘೋಷಿಸಿ ಹಿಂದೆ ಸರಿಯಿತು. ನಂಬಿ ಏರಿದವರು ಹಳೆಯ 9ನೇ ಸರಣಿಗೋ ಮುಂದಿನ 11ಕ್ಕೋ ದಾರಿ ಹುಡುಕಬೇಕಾಯಿತು.

ತೈವಾನಿನ ಸೈನಾಲಜಿ ಬೇರೆ ದಾರಿ ಹಿಡಿಯಿತು: ತನ್ನದೇ ಪ್ಯಾಕೇಜ್ ಕೇಂದ್ರ, ಕ್ಲಿಕ್ ಮಾಡಿದರೆ ಆಯಿತು. 2021ರ ಜೂನಿನಲ್ಲಿ ಅದರ ಕಾರ್ಯಾಚರಣಾ ವ್ಯವಸ್ಥೆಯಾದ ಡಿಎಸ್‌ಎಂನ 7ನೇ ಆವೃತ್ತಿ ಬಂದಾಗ ಈ ಸುಖಕ್ಕೆ ಭಂಗ ಬಂತು. ಹೊರಗಿನವರ ಪ್ಯಾಕೇಜುಗಳು ರೂಟ್ ಎಂಬ ಪರಮಾಧಿಕಾರದಲ್ಲಿ ಓಡುವುದನ್ನು ಕಂಪನಿ ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಸರಿಯಾದ ನಿರ್ಧಾರ ಎಂದೇ ನನ್ನ ಎಣಿಕೆ. ಆದರೆ ಪರಿಣಾಮ ನೋಡಿ. ಪ್ಲೆಕ್ಸ್ ಸಿನಿಮಾ ಸರ್ವರ್ ಓಡುವ ಬಳಕೆದಾರನ ಹೆಸರೇ ಬದಲಾಯಿತು, ಅದರ ಸಿನಿಮಾ ಪಟ್ಟಿ ಇನ್ನೊಂದು ಫೋಲ್ಡರಿಗೆ ಹೋಯಿತು. ಹೊಸ ಬಳಕೆದಾರನಿಗೆ ಸಿನಿಮಾ ಫೋಲ್ಡರ್ ಓದುವ ಅನುಮತಿ ಯಜಮಾನನೇ ಕೊಡಬೇಕು. ಕೊಡದಿದ್ದರೆ ಅಪ್‌ಗ್ರೇಡ್ ಯಶಸ್ವಿ ಎಂದು ಹಸಿರು ಗುರುತು ಬರುತ್ತದೆ, ಆ್ಯಪ್ ತೆರೆಯುತ್ತದೆ, ಸಿನಿಮಾಗಳು ಮಾತ್ರ ಇಲ್ಲ. ಡಿಸ್ಕೇ ಹೋಯಿತೆಂದು ಗಾಬರಿಬಿದ್ದವರಿಗೆ ಬೇಕಿದ್ದದ್ದು ಒಂದು ಟಿಕ್ ಗುರುತು. ಮುಂದೆ 2024ರ ಡಿಎಸ್‌ಎಂ 7.2.2ರಲ್ಲಿ ವಿಡಿಯೊ ಸ್ಟೇಷನ್ ಆ್ಯಪನ್ನೇ ತೆಗೆದುಹಾಕಿದರು. ಇಂಥದ್ದನ್ನು ದುರಸ್ತಿ ಮಾಡಲು ಆಗುವುದಿಲ್ಲ. ಏರಿಸುವ ಮೊದಲು ಬಿಡುಗಡೆ ಟಿಪ್ಪಣಿ ಓದುವುದೊಂದೇ ಉಪಾಯ.

2022ರ ಫೆಬ್ರುವರಿಯಲ್ಲಿ ಟ್ರೂನ್ಯಾಸ್ ಸ್ಕೇಲ್ ಬಂತು. ಫ್ರೀನ್ಯಾಸ್ ಆಗಲೇ ಟ್ರೂನ್ಯಾಸ್ ಎಂದು ಹೆಸರು ಬದಲಿಸಿಕೊಂಡಿತ್ತು. ಈಗ ಡೆಬಿಯನ್ ಲಿನಕ್ಸ್ ಮೇಲೆ ಕೂತು, ಆ್ಯಪ್‌ಗಳಿಗಾಗಿ ಕೆ3ಎಸ್ ಎಂಬ ಕುಬರ್ನೆಟಿಸ್ ತಂದಿತು. ಸಾವಿರಾರು ಸರ್ವರ್‌ಗಳನ್ನು ಆಳಲು ಗೂಗಲ್‌ನಲ್ಲಿ ಹುಟ್ಟಿದ ವ್ಯವಸ್ಥೆಯ ಚಿಕ್ಕ ರೂಪ ಮನೆಯ ಒಂದೇ ಪೆಟ್ಟಿಗೆಗೆ ಬಂದದ್ದು, ಒಬ್ಬರ ಅಡುಗೆಗೆ ಮದುವೆಮನೆಯ ಕೊಪ್ಪರಿಗೆ ಇಳಿಸಿದ ಹಾಗಾಯಿತು. ದೋಷ ಹುಡುಕುವ ಕಲೆ ತೀರಾ ಗೋಜಲಾದದ್ದು ಈ ಎರಡೂವರೆ ವರ್ಷಗಳಲ್ಲಿ.

ಆ ಕಾಲದ ಬಳಕೆದಾರ ಅತಿ ಹೆಚ್ಚು ನೋಡಿದ್ದು ‘ಡಿಪ್ಲಾಯಿಂಗ್’ ಎಂಬ ಪದವನ್ನು. ಆ್ಯಪ್ ಏರಿಸುತ್ತಾನೆ, ಆ ಪದ ಬರುತ್ತದೆ, ಗಂಟೆ ಕಳೆದರೂ ಹೋಗುವುದಿಲ್ಲ. ಅದರ ಹಿಂದೆ ಹಲವು ಕಾರಣಗಳು ಅವಿತಿರುತ್ತಿದ್ದವು. ಕುಬರ್ನೆಟಿಸ್ ಆ್ಯಪನ್ನು ಓಡಿಸುವ ಘಟಕವಾದ ಪಾಡ್‌ಗಳಲ್ಲಿ ಹಳೆಯದು ಇನ್ನೂ ಪೋರ್ಟನ್ನು ಹಿಡಿದುಕೊಂಡಿದೆ, ಹೊಸ ಪಾಡ್‌ಗೂ ಅದೇ ಪೋರ್ಟ್ ಬೇಕು. ಹೊಸದು ಎದ್ದ ಮೇಲೆ ಹಳೆಯದನ್ನು ಕೊಲ್ಲೋಣ ಎಂದು ವ್ಯವಸ್ಥೆ ಕಾಯುತ್ತಿದೆ, ಹಳೆಯದು ಹೋಗದೆ ಹೊಸದು ಏಳುವಂತಿಲ್ಲ. ಅಥವಾ ಇಮೇಜ್ ಇಳಿಯುತ್ತಿಲ್ಲ: 2020ರ ನವೆಂಬರಿನಿಂದ ಡಾಕರ್ ಹಬ್, ಲಾಗಿನ್ ಆಗದವರು 6 ಗಂಟೆಗಳಲ್ಲಿ 100 ಇಮೇಜುಗಳಿಗಿಂತ ಹೆಚ್ಚು ಇಳಿಸಿಕೊಳ್ಳದಂತೆ ಮಿತಿ ಹೇರಿತು. ಎಲ್ಲ ಆ್ಯಪ್‌ಗಳನ್ನೂ ಒಂದೇ ಏಟಿಗೆ ಏರಿಸುವವರಿಗೆ, ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವ ಇಂಟರ್ನೆಟ್ ಸಂಪರ್ಕದವರಿಗೆ ಈ ಮಿತಿ ಬೇಗ ತಟ್ಟುತ್ತದೆ. ಇನ್ನು 2022ರ ಡಿಸೆಂಬರಿನಲ್ಲಿ ಬಂದ ಸ್ಕೇಲ್‌ನ ಬ್ಲೂಫಿನ್ ಆವೃತ್ತಿ, ಎಸ್‌ಎಂಬಿ ಎಂಬ ಕಡತ ಹಂಚಿಕೆ ವಿಧಾನದ ಮೂಲಕ ಹಂಚಿದ ಫೋಲ್ಡರನ್ನೇ ಆ್ಯಪ್ ಕೂಡ ಬಳಸಿದರೆ ಅಪಾಯವೆಂದು ತಡೆಯತೊಡಗಿತು. ಆ್ಯಪ್‌ನಲ್ಲಿ ಏನೂ ಕೆಟ್ಟಿರದಿದ್ದರೂ ಮೇಲೇಳುತ್ತಿರಲಿಲ್ಲ. ಮುಂದಿನ ವರ್ಷದ ಕೋಬಿಯಾ ಆವೃತ್ತಿಯಲ್ಲಿ ಆ ತಡೆಯನ್ನು ತೆಗೆದರು.

ಅಪ್‌ಗ್ರೇಡ್ ನಡುವೆ ಕರೆಂಟ್ ಹೋದರೆ ಆಗ ಇನ್ನೊಂದು ಬಗೆಯ ತೊಡಕು ಏಳುತ್ತಿತ್ತು. ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಕೇಲ್‌ನಲ್ಲಿ ಆಗ ಆ್ಯಪ್ ಏರಿಸುತ್ತಿದ್ದ ಹೆಲ್ಮ್ ಎಂಬ ಸಾಧನ ತನ್ನ ಪ್ರತಿ ಕೆಲಸದ ದಾಖಲೆಯನ್ನು ಕುಬರ್ನೆಟಿಸ್ ಒಳಗೇ ಇಡುತ್ತದೆ. ನಡುವೆ ನಿಂತರೆ ಅಪ್‌ಗ್ರೇಡ್ ನಡೆಯುತ್ತಿದೆ ಎಂಬ ದಾಖಲೆ ಹಾಗೇ ಉಳಿಯುತ್ತದೆ. ಮತ್ತೆ ಯತ್ನಿಸಿದರೆ, ಇನ್ನೊಂದು ಕೆಲಸ ಚಾಲ್ತಿಯಲ್ಲಿದೆ ಎಂಬ ಉತ್ತರ. ಚಾಲ್ತಿಯಲ್ಲಿ ಯಾವುದೂ ಇರುವುದಿಲ್ಲ. ಪೆಟ್ಟಿಗೆಯನ್ನು ಎಷ್ಟು ಸಲ ಆರಿಸಿ ಹಾಕಿದರೂ ದಾಖಲೆ ಅಳಿಯದು. ಹಿಂದಿನ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಬೇಕು, ಇಲ್ಲವೇ ಆ ದಾಖಲೆಯನ್ನು ಕೈಯಾರೆ ತೆಗೆಯಬೇಕು. ಒಂದು ಯುಪಿಎಸ್‌ನ ಬೆಲೆ ಈ ಪರದಾಟಕ್ಕಿಂತ ಕಡಿಮೆ.

ಟ್ರೂಚಾರ್ಟ್ಸ್ ಎಂಬ ಸ್ವಯಂಸೇವಕರ ಭಂಡಾರದಲ್ಲಿ ಅಧಿಕೃತ ಭಂಡಾರಕ್ಕಿಂತ ಎಷ್ಟೋ ಹೆಚ್ಚು ಆ್ಯಪ್‌ಗಳಿದ್ದುದರಿಂದ ಜನ ಅದಕ್ಕೆ ಮುಗಿಬಿದ್ದರು. ಆದರೆ ಅಲ್ಲಿನ ಆ್ಯಪ್‌ಗಳು ಡೇಟಾವನ್ನು ಸಾಮಾನ್ಯವಾಗಿ ಪಿವಿಸಿ ಎಂಬ, ಅಕ್ಷರ-ಅಂಕಿಗಳ ಅರ್ಥವಿಲ್ಲದ ಹೆಸರಿನ ಡೇಟಾಸೆಟ್‌ಗಳಲ್ಲಿ (ಡಿಸ್ಕ್ ಸಂಗ್ರಹದ ಪ್ರತ್ಯೇಕ ವಿಭಾಗಗಳಲ್ಲಿ) ಹೂತಿಡುತ್ತಿದ್ದವು. ಆ್ಯಪ್ ಅಳಿಸಿ ಮತ್ತೆ ಹಾಕು ಎಂಬ ಜನಪ್ರಿಯ ಸಲಹೆಯನ್ನು ಇಂಥಲ್ಲಿ ಪಾಲಿಸಿದವರ ಡೇಟಾ ಆ್ಯಪ್ ಜೊತೆಗೇ ಅಳಿಯಿತು. ಆ ಸಲಹೆ ಕೊಡುವವರು ಡೇಟಾ ಎಲ್ಲಿದೆ ಎಂದು ಮೊದಲು ಕೇಳಬೇಕಿತ್ತು. 2024ರ ಅಕ್ಟೋಬರಿನ ಎಲೆಕ್ಟ್ರಿಕ್ ಈಲ್ ಆವೃತ್ತಿಯಲ್ಲಿ ಟ್ರೂನ್ಯಾಸ್ ಕುಬರ್ನೆಟಿಸನ್ನು ಕೈಬಿಟ್ಟು ಡಾಕರ್ ಕಂಪೋಸ್‌ಗೆ ಹೊರಳಿತು. ಅಧಿಕೃತ ಆ್ಯಪ್‌ಗಳು ತಾವಾಗಿಯೇ ಹೊಸ ಮನೆಗೆ ಬಂದವು. ಟ್ರೂಚಾರ್ಟ್ಸ್‌ನವು ಬರಲಿಲ್ಲ. ಅವುಗಳ ಡೇಟಾವನ್ನು ಕೈಯಾರೆ ಅಗೆದು ತೆಗೆಯಬೇಕಾಯಿತು.

ಇಷ್ಟೆಲ್ಲ ಪಲ್ಲಟಗಳ ನಡುವೆ ಬದಲಾಗದ ತೊಡಕು ಡೇಟಾಬೇಸಿನದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ 13ನೇ ಆವೃತ್ತಿ ಬರೆದ ಕಡತಗಳನ್ನು 15ನೇ ಆವೃತ್ತಿ ನೇರವಾಗಿ ತೆರೆಯುವುದಿಲ್ಲ. ಲಾಗ್‌ನಲ್ಲಿ ಅದನ್ನು ಸ್ಪಷ್ಟವಾಗಿಯೇ ಹೇಳಿ ನಿಲ್ಲುತ್ತದೆ. ಆದರೆ ಬಳಕೆದಾರ ನೋಡುವುದು ಪೋಸ್ಟ್‌ಗ್ರೆಸ್‌ನ ಲಾಗನ್ನಲ್ಲ, ಡೇಟಾಬೇಸ್ ಸಿಗುತ್ತಿಲ್ಲ ಎಂದು ಗೋಗರೆಯುವ ಆ್ಯಪ್‌ನ ಲಾಗನ್ನು. ‘ಲೇಟೆಸ್ಟ್’ ಟ್ಯಾಗ್ ಹಾಕಿ ಇಮೇಜ್ ಎಳೆದುಕೊಳ್ಳುವವರಿಗೆ ಈ ಪಾಠ ಯಾವಾಗ ಸಿಗುತ್ತದೆಂದು ಹೇಳಲಾಗದು, ಏಕೆಂದರೆ ಆ ಹೆಸರಿನ ಹಿಂದಿನ ಆವೃತ್ತಿ ತಯಾರಕರು ಮನಸ್ಸು ಮಾಡಿದ ದಿನ ಬದಲಾಗುತ್ತದೆ. ಕಡತ ಹಂಚುವ ಆ್ಯಪ್ ನೆಕ್ಸ್ಟ್‌ಕ್ಲೌಡ್‌ನದು ಇನ್ನೊಂದು ಹಟ: ಒಂದು ಪ್ರಧಾನ ಆವೃತ್ತಿಯಿಂದ ಮುಂದಿನದಕ್ಕೆ ಮಾತ್ರ ಏರಬಹುದು, ಮೆಟ್ಟಿಲು ಹಾರುವಂತಿಲ್ಲ, ಕೆಳಗಿಳಿಯುವುದಂತೂ ಇಲ್ಲ. ವರ್ಷಗಟ್ಟಲೆ ಮುಟ್ಟದೆ ಬಿಟ್ಟವರು ನಡುವಿನ ಪ್ರತಿ ಆವೃತ್ತಿಯ ಇಮೇಜನ್ನೂ ಹೆಸರಿಸಿ ಒಂದೊಂದಾಗಿ ಹತ್ತಬೇಕು.

ಇದಕ್ಕೆಲ್ಲ ಮದ್ದು ಎಂದು ತೋರಿಸುವುದು ಸ್ನ್ಯಾಪ್‌ಶಾಟನ್ನು. ಸನ್ ಮೈಕ್ರೊಸಿಸ್ಟಮ್ಸ್ 2005ರಲ್ಲಿ ಹೊರಬಿಟ್ಟ ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಇರುವ ಬ್ಲಾಕಿನ ಮೇಲೆ ಬರೆಯುವುದಿಲ್ಲ, ಹೊಸ ಜಾಗದಲ್ಲಿ ಬರೆಯುತ್ತದೆ. ಹಾಗಾಗಿ ಹಳೆಯ ಸ್ಥಿತಿಯನ್ನು ಕ್ಷಣದಲ್ಲಿ ಹಿಡಿದಿಡಬಹುದು. ಈ ಇಡೀ ಇತಿಹಾಸದಲ್ಲಿ ಕಂಟೇನರ್‌ಗಿಂತ ಹೆಚ್ಚು ಮನೆಗಳನ್ನು ಕಾಪಾಡಿದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಆದರೂ ಒಂದು ಹೊಂಡವಿದೆ. ಸ್ಕೇಲ್‌ನಲ್ಲಿ ಆ್ಯಪ್ ಏರಿಸುವಾಗ ವ್ಯವಸ್ಥೆ ತಾನಾಗಿ ತೆಗೆಯುತ್ತಿದ್ದ ಸ್ನ್ಯಾಪ್‌ಶಾಟ್ ಆ್ಯಪ್‌ಗಳ ಒಳ ಡೇಟಾಸೆಟ್‌ಗೆ ಸೇರಿದ್ದು. ಬಳಕೆದಾರ ತಾನೇ ತೋರಿಸಿಕೊಟ್ಟ ಹೊರಗಿನ ಫೋಲ್ಡರಿನಲ್ಲಿ ಡೇಟಾಬೇಸ್ ಇದ್ದರೆ ಅದು ಲೆಕ್ಕಕ್ಕಿರಲಿಲ್ಲ. ರೋಲ್‌ಬ್ಯಾಕ್ ಒತ್ತಿದಾಗ ಪ್ರೋಗ್ರಾಂ ಹಿಂದಕ್ಕೆ ಬರುತ್ತಿತ್ತು, ಡೇಟಾಬೇಸ್ ಮುಂದೆಯೇ ಉಳಿಯುತ್ತಿತ್ತು. ಅಪ್‌ಗ್ರೇಡ್ ಕೆಟ್ಟದ್ದಕ್ಕಿಂತ ಇದು ಹೆಚ್ಚು ಕಷ್ಟದ ಸ್ಥಿತಿ. ಆ ಫೋಲ್ಡರಿಗೆ ಸ್ವಂತ ಡೇಟಾಸೆಟ್ ಮಾಡಿ, ಆ್ಯಪ್ ನಿಲ್ಲಿಸಿ, ಕೈಯಾರೆ ಸ್ನ್ಯಾಪ್‌ಶಾಟ್ ತೆಗೆದವರಿಗೆ ಮಾತ್ರ ಎರಡನ್ನೂ ಒಟ್ಟಿಗೆ ಹಿಂದಕ್ಕೆ ತರಲು ಸಾಧ್ಯವಿತ್ತು.

ತಂತ್ರಾಂಶ ಮಾತ್ರ ಅಪರಾಧಿ ಎನ್ನುವಂತಿಲ್ಲ. 2021ರಲ್ಲಿ ಬಂದ ಮೊಂಗೊಡಿಬಿ 5.0 ಡೇಟಾಬೇಸಿಗೆ ಪ್ರೊಸೆಸರಿನಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇರಲೇಬೇಕು. ಮನೆಯ ನ್ಯಾಸ್‌ಗಳಲ್ಲಿ ಹೇರಳವಾಗಿ ಬಂದ ಸೆಲೆರಾನ್ ಜೆ3455ರಂಥ ಚಿಪ್‌ಗಳಲ್ಲಿ ಅದಿಲ್ಲ. ಕಂಟೇನರ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಹಳೆಯ ಆವೃತ್ತಿಯಲ್ಲೇ ನಿಲ್ಲುವುದು ಬಿಟ್ಟರೆ ಆ ಪೆಟ್ಟಿಗೆಯಲ್ಲಿ ಸುಲಭದ ದಾರಿಯಿಲ್ಲ. ಕೆಲವೊಮ್ಮೆ ಕಾಲವೇ ಕೈಕೊಡುತ್ತದೆ: 2021ರ ಸೆಪ್ಟೆಂಬರ್ 30ರಂದು, ಜಾಲತಾಣಗಳ ಗುರುತು ದೃಢಪಡಿಸುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಓಬೀರಾಯನ ಕಾಲದ ಓಪನ್‌ಎಸ್‌ಎಸ್‌ಎಲ್ ಭದ್ರತಾ ಲೈಬ್ರರಿ ಇಟ್ಟುಕೊಂಡ ಸಾಧನಗಳಿಗೆ ಅಂಥ ಸರ್ವರ್‌ಗಳ ಬಾಗಿಲು ಅಂದಿನಿಂದ ತೆರೆಯಲಿಲ್ಲ.

ಹಾಗಾದರೆ ಏರಿಸುವುದೇ ಬೇಡ ಎನ್ನುವವರಿದ್ದಾರೆ. ಅದಕ್ಕೂ ಬೆಲೆ ತೆರಬೇಕಾದೀತು. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಸಾಧನಗಳ ಹಲವು ಒಡೆಯರು ಬೆಳಗೆದ್ದು ನೋಡಿದಾಗ ಡಿಸ್ಕ್ ಖಾಲಿಯಾಗಿತ್ತು. ಇಂಟರ್ನೆಟ್‌ನಿಂದ ನುಗ್ಗಿದವರು ಅಳಿಸಿದ್ದರು. ಆ ಸಾಧನಕ್ಕೆ 2015ರ ನಂತರ ಅಪ್‌ಡೇಟ್ ಬಂದಿರಲಿಲ್ಲ.

ಇವತ್ತಿನ ಟ್ರೂನ್ಯಾಸ್ ಭಂಡಾರದ ಹಲವು ಆ್ಯಪ್‌ಗಳು ಪೋಸ್ಟ್‌ಗ್ರೆಸ್ ಏರಿಸುವ ಕೆಲಸವನ್ನೂ ತಾವೇ ವಹಿಸಿಕೊಂಡಿವೆ. ಡೇಟಾಬೇಸ್ ಏಳುವ ಮೊದಲು ಒಂದು ಚಿಕ್ಕ ಕಂಟೇನರ್ ಓಡಿ, ಹಳೆಯ ಕಡತಗಳನ್ನು ಹೊಸ ರೂಪಕ್ಕೆ ತಂದು, ಕೆಲಸ ಮುಗಿಸಿ ನಿಲ್ಲುತ್ತದೆ. ಅಲ್ಲಿ ಎಡವಿದರೆ ಪರದೆಯ ಮೇಲೆ ಬರುವ ಸಂದೇಶ, ಆ್ಯಪ್ ಏಳಲಿಲ್ಲ, ಲಾಗ್ ನೋಡಿ ಎಂಬಷ್ಟೇ. ಆ ಲಾಗ್ ತೆರೆದರೆ ಯಾವ ಕಂಟೇನರ್ ಬಿದ್ದಿದೆ ಎಂಬುದು ಸಿಗುತ್ತದೆ, ಏಕೆ ಎಂಬುದು ಸಿಗುವುದಿಲ್ಲ. ಬಿದ್ದ ಕಂಟೇನರಿನ ಸ್ವಂತ ಲಾಗಿನ ಕೊನೆಯ ಸಾಲುಗಳಿಗೆ ಹೋಗಬೇಕು. ಜಾಗ ಸಾಲದು, ಫೋಲ್ಡರಿನ ಒಡೆಯ ಬೇರೆ ಬಳಕೆದಾರ, ಇಲ್ಲವೇ ಹಳೆಯ ಸರ್ವರ್ ಸರಿಯಾಗಿ ಮುಚ್ಚಿಲ್ಲ ಎಂಬ ದೂರು ಅಲ್ಲಿರುತ್ತದೆ. ಕೊನೆಯದಾದರೆ ಹಳೆಯ ಆವೃತ್ತಿಯ ಪೋಸ್ಟ್‌ಗ್ರೆಸ್‌ನಲ್ಲೇ ಒಮ್ಮೆ ಎಬ್ಬಿಸಿ, ಅವಸರಪಡದೆ ನಿಲ್ಲಿಸಿ, ಆಮೇಲೆ ಅಪ್‌ಗ್ರೇಡ್ ಒತ್ತಿದರೆ ಮುಂದಕ್ಕೆ ಹೋಗುತ್ತದೆ.