ಹನ್ನೊಂದು ಪೈಸೆಯ ನೀರು

1971ರ ಜೂನ್ ತಿಂಗಳ ಕೊನೆಯ ವಾರ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಸುಮಾರು ಮೂರೂವರೆ ಲಕ್ಷ ಜನ ಪಶ್ಚಿಮ ಬಂಗಾಳದ ಗಡಿಪಟ್ಟಣ ಬನಗಾಂವ್‌ನ ಸುತ್ತಮುತ್ತ ಬೀಡುಬಿಟ್ಟಿದ್ದರು. ಮಳೆ ಹಿಡಿದಿತ್ತು. ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆಂದು ಇದ್ದದ್ದು 16 ಹಾಸಿಗೆ. ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಿಂದ ಡಾ. ದಿಲೀಪ್ ಮಹಲನಬೀಸ್ ಮತ್ತು ಅವರ ತಂಡ ಅಲ್ಲಿಗೆ ಬಂದಾಗ ರೋಗಿಗಳು ನೆಲದ ಮೇಲೆ ಒತ್ತಾಗಿ ಮಲಗಿದ್ದರು. ಸೂಜಿ ಚುಚ್ಚಿ ಸಲೈನ್ ಏರಿಸಬೇಕಾದರೆ ವೈದ್ಯರು ವಾಂತಿ, ಭೇದಿಯ ನಡುವೆಯೇ ಮೊಣಕಾಲೂರಿ ಕೂರಬೇಕಿತ್ತು. ತಂದ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅದನ್ನು ಏರಿಸಲು ಬಲ್ಲ ಕೈಗಳು ಅದಕ್ಕಿಂತಲೂ ಕಡಿಮೆ ಇದ್ದವು.

ಮಹಲನಬೀಸ್ ಮುಂದೆ ಉಳಿದದ್ದು ಒಂದೇ ದಾರಿ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಇವನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು ಗಡಿಗೆ ಕಳುಹಿಸಿದರು. ಅಲ್ಲಿ ಡ್ರಮ್ಮುಗಳ ನೀರಿನಲ್ಲಿ ಕದಡಿ ಲೋಟಗಳಲ್ಲಿ ಹಂಚಿದರು. ಕುಡಿಸುವ ಕೆಲಸವನ್ನು ರೋಗಿಯ ತಾಯಿ, ಅಣ್ಣ, ಹೆಂಡತಿ, ಯಾರಿದ್ದರೋ ಅವರೇ ಮಾಡಿದರು. ಒಂದು ಲೀಟರಿಗೆ ತಗುಲಿದ ಖರ್ಚು 11 ಪೈಸೆ.

ಎಂಟು ವಾರಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಈ ನೀರು ಕುಡಿದರು. ಬೇರೆ ಶಿಬಿರಗಳಲ್ಲಿ ನೂರಕ್ಕೆ 20ರಿಂದ 30 ಜನ ಸಾಯುತ್ತಿದ್ದರೆ ಇಲ್ಲಿ ಸತ್ತವರ ಪ್ರಮಾಣ ಶೇ. 3.6.

ಸಕ್ಕರೆ, ಉಪ್ಪು, ನೀರು ಯಾವ ಕಾಲದಲ್ಲೂ ಅಪರೂಪದ ವಸ್ತುಗಳಾಗಿರಲಿಲ್ಲ. ಹಾಗಾದರೆ ಈ ಲೋಟ ರೋಗಿಯ ಬಾಯಿಗೆ ಬರಲು 1971ರ ತನಕ ಏಕೆ ಕಾಯಬೇಕಾಯಿತು? ಉತ್ತರ ಹುಡುಕಲು 140 ವರ್ಷ ಹಿಂದಕ್ಕೆ ಹೋಗಬೇಕು.

1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಾಗ ವಿಲಿಯಂ ಬ್ರೂಕ್ ಓ'ಶಾಗ್ನೆಸಿ ಎಂಬ 22ರ ಯುವ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಿಂದ ನೀರೂ ಲವಣಗಳೂ ಸೋರಿಹೋಗಿವೆ ಎಂದು ತೋರಿಸಿದ. ಮರುವರ್ಷ ಸ್ಕಾಟ್ಲೆಂಡಿನ ಲೀತ್ ಊರಿನ ಥಾಮಸ್ ಲಟ್ಟಾ ಆ ಮಾತನ್ನು ನಂಬಿ ಸಾವಿನಂಚಿನಲ್ಲಿದ್ದ ವೃದ್ಧೆಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಬತ್ತಿದ ಮುಖಕ್ಕೆ ಕಳೆ ಬಂತು, ನಾಡಿ ಸಿಕ್ಕಿತು. ಆದರೆ ಭೇದಿ ನಿಂತಿರಲಿಲ್ಲ. ಮತ್ತೆ ಹೋದ ನೀರನ್ನು ಮತ್ತೆ ತುಂಬುವವರಿಲ್ಲದೆ ಆಕೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಲಟ್ಟಾನ ವಿಧಾನ ಅಲ್ಲಿಗೇ ಬಹುಮಟ್ಟಿಗೆ ಮೂಲೆಗೆ ಸೇರಿತು. ಓ'ಶಾಗ್ನೆಸಿ ಮುಂದೆ ಕಲ್ಕತ್ತೆಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ, ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದ. ಕಾಲರಾದ ಬಗ್ಗೆ ಅವನು ಹೇಳಿದ್ದನ್ನು ಜನ ಮರೆತರು. 20ನೇ ಶತಮಾನದ ಆರಂಭದಲ್ಲಿ ಅದೇ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ರಕ್ತನಾಳದ ಮೂಲಕ ಸಲೈನ್ ಕೊಟ್ಟು ಸಾವಿನ ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಈ ಚಿಕಿತ್ಸೆ ನೆಲೆಯೂರಿತು.

ಅಷ್ಟಾದರೂ ಬಾಯಿಂದ ಕುಡಿಸಿ ಗುಣಪಡಿಸಬಹುದು ಎಂದು ಹೆಚ್ಚಿನ ವೈದ್ಯರು ಒಪ್ಪಲಿಲ್ಲ. ಅದಕ್ಕೆ ಒಂದು ಕಾರಣವಿತ್ತು. ಕಾಲರಾದಲ್ಲಿ ಕರುಳಿನ ಒಳಪದರವೇ ಸುಲಿದು ಉದುರುತ್ತದೆ ಎಂದು 19ನೇ ಶತಮಾನದ ದೊಡ್ಡ ರೋಗಶಾಸ್ತ್ರಜ್ಞರು ಹೇಳಿದ್ದರು. ಅವರು ನೋಡಿದ್ದು ಸತ್ತವರ ಕರುಳನ್ನು. ಸತ್ತ ಮೇಲೆ ಆ ಪದರ ತಾನಾಗಿಯೇ ಬೇಗ ಕಳಚುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸುಲಿದ ಕರುಳಿಗೆ ನೀರು ಕುಡಿಸಿ ಏನು ಪ್ರಯೋಜನ? ಕರುಳಿಗೆ ವಿಶ್ರಾಂತಿ ಕೊಡಬೇಕು, ಲಂಘನ ಮಾಡಿಸಬೇಕು ಎನ್ನುವುದೇ ಪಾಠವಾಯಿತು. ಭೇದಿಯಾದ ಮಗುವಿಗೆ ನೀರು ಕೊಡಬೇಡಿ ಎನ್ನುವ ಮಾತು ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ.

ಈ ನಂಬಿಕೆಯನ್ನು ಎರಡು ಕೆಲಸಗಳು ಮುರಿದವು. ಮೊದಲನೆಯದು ಕಲ್ಕತ್ತೆಯ ಶಂಭುನಾಥ ಡೇ ಅವರದು. ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಬಂದಿದ್ದ ಡೇ, 1953ರಲ್ಲಿ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ ಅದರೊಳಗೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟರು. ಆ ತುಂಡು ನೀರು ತುಂಬಿ ಉಬ್ಬಿತು. 1959ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಜೀವಾಣು ಇಲ್ಲದ ಆ ದ್ರವವನ್ನಷ್ಟೇ ಒಳಗೆ ಬಿಟ್ಟರು. ಆಗಲೂ ಕರುಳು ತುಂಬಿತು. ಅಂದರೆ ರೋಗ ತರುವುದು ಬ್ಯಾಕ್ಟೀರಿಯಾ ಹೊರಬಿಡುವ ಒಂದು ವಿಷ. ರಾಬರ್ಟ್ ಕಾಖ್ 1884ರಲ್ಲಿ ಇದೇ ಕಲ್ಕತ್ತೆಯಲ್ಲಿ ಕಾಲರಾ ಜೀವಾಣುವನ್ನು ಗುರುತಿಸಿದಾಗಲೇ ಇಂಥದೊಂದು ವಿಷ ಇರಬೇಕೆಂದು ಊಹಿಸಿದ್ದ. ಅದನ್ನು ತೋರಿಸಿಕೊಡಲು 75 ವರ್ಷ ಹಿಡಿಯಿತು.

ಎರಡನೆಯದು ಬ್ಯಾಂಕಾಕ್‌ನಲ್ಲಿ ನಡೆಯಿತು. ಅಮೆರಿಕದ ಯೂಜೀನ್ ಗ್ಯಾಂಗರೋಸಾ ಮತ್ತು ಸಂಗಡಿಗರು ಬದುಕಿರುವ ಕಾಲರಾ ರೋಗಿಗಳ ಕರುಳಿನಿಂದ ಚಿಕ್ಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ 1960ರಲ್ಲಿ ವರದಿ ಮಾಡಿದರು. ಒಳಪದರ ಸುಲಿದಿರಲಿಲ್ಲ, ಇದ್ದಲ್ಲೇ ಇತ್ತು. ಅದೇ ವರ್ಷ ಪ್ರಾಗ್‌ನ ಸಭೆಯೊಂದರಲ್ಲಿ ಜೀವರಸಾಯನಶಾಸ್ತ್ರಜ್ಞ ರಾಬರ್ಟ್ ಕ್ರೇನ್ ಕರುಳಿನ ಜೀವಕೋಶ ಗ್ಲೂಕೋಸನ್ನು ಹೇಗೆ ಒಳಗೆಳೆಯುತ್ತದೆ ಎಂದು ವಿವರಿಸಿದ. ಗ್ಲೂಕೋಸ್ ಒಂಟಿಯಾಗಿ ಹೋಗುವುದಿಲ್ಲ, ಸೋಡಿಯಂನ ಕೈ ಹಿಡಿದು ಹೋಗುತ್ತದೆ. ಇವೆರಡರ ಹಿಂದೆ ನೀರೂ ಹೋಗುತ್ತದೆ. ಕಾಲರಾದ ವಿಷ ನೀರು ಹೊರಸೋರುವ ಬಾಗಿಲನ್ನು ತೆರೆದಿಡುತ್ತದೆಯೇ ಹೊರತು ಈ ಒಳಬಾಗಿಲನ್ನು ಮುಚ್ಚುವುದಿಲ್ಲ. ಬರೀ ನೀರಾಗಲಿ ಬರೀ ಉಪ್ಪುನೀರಾಗಲಿ ಆ ಬಾಗಿಲಲ್ಲಿ ನುಗ್ಗಲಾರದು. ಸಕ್ಕರೆ ಜೊತೆಗಿದ್ದರೆ ನುಗ್ಗುತ್ತದೆ.

ಇಷ್ಟೆಲ್ಲ ತಿಳಿಯುವ ಮೊದಲೇ ಒಬ್ಬರು ಇದನ್ನು ಮಾಡಿ ನೋಡಿದ್ದರು. 1953ರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ತೀರಾ ಗಂಭೀರವಲ್ಲದ 186 ಕಾಲರಾ ರೋಗಿಗಳಿಗೆ ವಾಂತಿ ನಿಲ್ಲುವ ಔಷಧ ಕೊಟ್ಟು, ಗ್ಲೂಕೋಸ್ ಬೆರೆತ ಉಪ್ಪುನೀರು ಕುಡಿಸಿ ಗುಣಪಡಿಸಿದ್ದರು. ಭೇದಿ ತಗ್ಗಿಸಲು ಅವರು ಬಳಸಿದ್ದು ಒಂದು ಎಲೆಯ ರಸ. ಕನ್ನಡದ ಮನೆಗಳಲ್ಲಿ ಕುಂಡದಲ್ಲಿ ಬೆಳೆದು ತಂಬುಳಿಗೂ ಮಗುವಿನ ಕೆಮ್ಮಿಗೂ ಒದಗುವ ದೊಡ್ಡಪತ್ರೆಯೇ ಅದು.

ಚಟರ್ಜಿಯವರ ಲೇಖನವನ್ನು ಹೆಚ್ಚು ಜನ ಗಮನಿಸಲಿಲ್ಲ. ಕಲ್ಕತ್ತೆಯ ವೈದ್ಯನ ಮಾತಿಗೆ ಲಂಡನ್ನಿನಲ್ಲಿ ತೂಕವಿರಲಿಲ್ಲ ಎಂದು ದೂರುವುದರಲ್ಲಿ ನಿಜಾಂಶವಿದೆ. ಆದರೆ ಅದಷ್ಟೇ ಪೂರ್ತಿ ನಿಜವಲ್ಲ. ಯಾರಿಗೆ ಎಷ್ಟು ದ್ರವ ಹೋಯಿತು, ಎಷ್ಟು ಒಳಗೆ ಉಳಿಯಿತು ಎಂಬ ಅಳತೆ ಅವರ ಲೇಖನದಲ್ಲಿರಲಿಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಅಳತೆಯಿಲ್ಲದ ಗುಣಪಡಿಸುವಿಕೆ ಎಷ್ಟು ಅಪಾಯ ತರಬಲ್ಲದು ಎಂದು ಸುಮಾರು ಹತ್ತು ವರ್ಷಗಳ ಬಳಿಕ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್‌ಗೆ ಗೊತ್ತಾಯಿತು. ಗ್ಲೂಕೋಸ್ ಸೇರಿಸಿದರೆ ಉಪ್ಪುನೀರು ಹೀರಲ್ಪಡುತ್ತದೆ ಎಂದು ಅವನು ಕಂಡುಕೊಂಡಿದ್ದ. ಫಿಲಿಪ್ಪೀನ್ಸ್‌ನಲ್ಲಿ ಹಲವು ರೋಗಿಗಳ ಮೇಲೆ ಪ್ರಯೋಗಿಸಿದಾಗ ಮಾತ್ರ ದ್ರವದ ಲೆಕ್ಕ ತಪ್ಪಿ ಕೆಲವರು ಸತ್ತರು. ಆಮೇಲೆ ಈ ವಿಚಾರದಲ್ಲಿ ಅವನೇ ಅಳುಕತೊಡಗಿದ.

ತೊಡಕು ಬಿಡಿಸಿದ್ದು ಒಂದು ಬಕೆಟ್. ಢಾಕಾ ಮತ್ತು ಕಲ್ಕತ್ತೆಯ ಕಾಲರಾ ವಾರ್ಡುಗಳಲ್ಲಿ ರೋಗಿ ಮಲಗುವ ಕ್ಯಾನ್ವಾಸ್ ಮಂಚದ ನಡುವೆ ಒಂದು ತೂತು, ಅದರ ಕೆಳಗೆ ಅಳತೆಯ ಗೆರೆಗಳಿದ್ದ ಬಕೆಟ್. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ, ಇನ್ನೂ ಮೂವತ್ತು ತುಂಬದ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್, ಸ್ಥಳೀಯ ವೈದ್ಯರಾದ ರಫೀಕುಲ್ ಇಸ್ಲಾಂ ಮತ್ತು ಮಜೀದ್ ಮೊಲ್ಲಾ ಅವರ ಜೊತೆ, ಒಂದು ಸರಳ ನಿಯಮ ಹಿಡಿದರು: ಬಕೆಟ್ಟಿಗೆ ಎಷ್ಟು ಹೋಯಿತೋ ಅಷ್ಟನ್ನು ಮತ್ತೆ ಕುಡಿಸಬೇಕು. 29 ರೋಗಿಗಳ ಆ ಅಧ್ಯಯನದಲ್ಲಿ ಕುಡಿದವರಿಗೆ ಬೇಕಾದ ಸಲೈನ್ ಶೇ. 80ರಷ್ಟು ತಗ್ಗಿತು. ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ನಥಾನಿಯೆಲ್ ಪಿಯರ್ಸ್ ಮತ್ತು ತಂಡದ ಅಧ್ಯಯನಗಳೂ ಇದನ್ನೇ ಹೇಳಿದವು. ಫಿಲಿಪ್ಸ್ ಆಗ ಢಾಕಾ ಸಂಶೋಧನಾಲಯದ ಮುಖ್ಯಸ್ಥನಾಗಿದ್ದ. ಆ ಲೇಖನದಲ್ಲಿ ಅವನ ಹೆಸರೂ ಇದೆ.

ಆದರೂ ಇದು ನುರಿತ ದಾದಿಯರು ಗಂಟೆಗಂಟೆಗೂ ಬಕೆಟ್ ನೋಡುವ ವಾರ್ಡಿನ ಚಿಕಿತ್ಸೆ, ಶಿಬಿರಕ್ಕೆ ಹೊಂದದು ಎಂದೇ ಎಲ್ಲರೂ ತಿಳಿದಿದ್ದರು. ಬನಗಾಂವ್‌ನಲ್ಲಿ ಬದಲಾದದ್ದು ಅದು. ಅಲ್ಲಿ ಬಕೆಟ್ ಇರಲಿಲ್ಲ. ಅಳತೆಗೋಲು ರೋಗಿಯ ಬಾಯಾರಿಕೆ ಮತ್ತು ಪಕ್ಕದಲ್ಲಿ ಕೂತ ತಾಯಿಯ ಕಣ್ಣು. ತೀರಾ ಕುಸಿದವರಿಗೆ ಮೊದಲು ಸಲೈನ್ ಏರಿಸಿ, ಅವರು ಚೇತರಿಸಿಕೊಂಡೊಡನೆ ಲೋಟಕ್ಕೆ ಬದಲಾಯಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರೂವಾ ಬಂದು ನೋಡಿ ಮೆಚ್ಚಿದರು. ಎಲ್ಲರೂ ಮೆಚ್ಚಲಿಲ್ಲ. ಶಿಬಿರದಲ್ಲಿ ಹೋಲಿಕೆಯ ಗುಂಪನ್ನು ಇಟ್ಟಿರಲಿಲ್ಲ. ಸಾಯುತ್ತಿರುವವರ ನಡುವೆ ಅರ್ಧ ಜನರಿಗೆ ಕೊಡದೆ ಇರಿಸುವುದು ಸಾಧ್ಯವೂ ಇರಲಿಲ್ಲ. ಮಹಲನಬೀಸ್ ಅವರ ವರದಿ ಅಚ್ಚಾದದ್ದು 1973ರಲ್ಲಿ.

ಅಲ್ಲಿಂದ ಮುಂದೆ ಹಾದಿ ಬೇಗ ಸಾಗಿತು. 1978ರಲ್ಲಿ 'ಲ್ಯಾನ್ಸೆಟ್' ತನ್ನ ಸಂಪಾದಕೀಯದಲ್ಲಿ, ಸಕ್ಕರೆ ಉಪ್ಪಿನ ಈ ಅರಿವು ಶತಮಾನದ ಅತಿ ಮಹತ್ವದ ವೈದ್ಯಕೀಯ ಪ್ರಗತಿ ಆಗಬಹುದು ಎಂದಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಭೇದಿ ನಿಯಂತ್ರಣದ ಕಾರ್ಯಕ್ರಮ ಆರಂಭಿಸಿತು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೆ ನಡೆದು, ಅರ್ಧ ಸೇರು ನೀರಿಗೆ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದು ಒಂದು ಕೋಟಿಗೂ ಹೆಚ್ಚು ಮನೆಗಳ ತಾಯಂದಿರಿಗೆ ಕಲಿಸಿದರು. ತಾಯಂದಿರು ಕಲಿತರೂ ಬಳಸುತ್ತಿಲ್ಲವಲ್ಲ ಎಂದು ಮೊದಮೊದಲು ಪರಿಶೀಲಿಸಿದಾಗ, ಕಲಿಸುವ ಕಾರ್ಯಕರ್ತೆಯರಿಗೇ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ ಎಂಬುದು ಹೊರಬಿತ್ತು. ಮೊದಲು ಅವರನ್ನು ನಂಬಿಸಬೇಕಾಯಿತು.

ಶಂಭುನಾಥ ಡೇ 1985ರಲ್ಲಿ ತೀರಿಕೊಂಡರು. ನೊಬೆಲ್ ವಿಜ್ಞಾನಿ ಜೋಶುವಾ ಲೆಡರ್ಬರ್ಗ್ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದ. ತಾಯ್ನಾಡಿನಲ್ಲಿ ದೊಡ್ಡ ಗೌರವ ಯಾವುದೂ ಬದುಕಿದ್ದಾಗ ಬರಲಿಲ್ಲ. ಮಹಲನಬೀಸ್ 2022ರ ಅಕ್ಟೋಬರ್‌ನಲ್ಲಿ ಕಣ್ಮುಚ್ಚಿದರು. ಮೂರು ತಿಂಗಳ ಬಳಿಕ ಪದ್ಮವಿಭೂಷಣ ಘೋಷಣೆಯಾಯಿತು.

ಪೊಟ್ಟಣದ ಅಳತೆ 2002ರಲ್ಲಿ ಮತ್ತೆ ಬದಲಾಗಿ, ಇಂದು ಒಂದು ಲೀಟರಿಗೆ 20.5 ಗ್ರಾಂ ಪುಡಿ ಸಾಕು. ಔಷಧದಂಗಡಿಗಳಲ್ಲಿ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಹಾಗಿದ್ದೂ 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಶೇ. 60.6 ಮಂದಿಗೆ ಮಾತ್ರ.

ಉಳಿದವರಿಗೆ ಏಕಿಲ್ಲ? ಸಂಶೋಧಕರ ತಂಡವೊಂದು ಕರ್ನಾಟಕ ಮತ್ತು ಬಿಹಾರದ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ತರಬೇತಾದ ನಟರನ್ನು ಕಳುಹಿಸಿತು. ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಗಿದೆ ಎಂದು ಅವರು ತಂದೆಯಂತೆ ಹೇಳಿಕೊಂಡರು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಅಂಗಡಿಯಲ್ಲಿ ಪೊಟ್ಟಣ ಇಲ್ಲದಿರುವುದೂ ಬೇರೆ ಔಷಧಿ ಮಾರಿದರೆ ಹೆಚ್ಚು ಲಾಭ ಎನ್ನುವುದೂ ಸಣ್ಣ ಕಾರಣಗಳು. ದೊಡ್ಡ ಕಾರಣ, ಜನರಿಗೆ ಇದು ಬೇಡ, ಅವರಿಗೆ 'ನಿಜವಾದ ಔಷಧಿ' ಬೇಕು ಎಂಬ ಚಿಕಿತ್ಸಕರ ಊಹೆ. ತಂದೆ ಸುಮ್ಮನಿದ್ದಾಗ ಓಆರ್‌ಎಸ್ ಬರೆದುಕೊಟ್ಟವರು ನೂರಕ್ಕೆ 28 ಮಂದಿ. ತನಗೆ ಅದೇ ಬೇಕು ಎಂದು ಅವನು ಬಾಯಿಬಿಟ್ಟಾಗ 55 ಮಂದಿ.